ಆಡಳಿತ ಸೇವೆಯೋ, ನ್ಯಾಯಾಸನವೋ? ಕಾನೂನು ಪದವೀಧರರ ಮುಂದಿರುವ ಪ್ರಶ್ನೆ

ಕಾನೂನು ಪದವಿಯ ಫಲಿತಾಂಶವು ಪ್ರಕಟವಾದ ಕೆಲವೇ ವಾರಗಳಲ್ಲಿ ನಮ್ಮ ನಾಡಿನ ಎಷ್ಟೋ ಮನೆಗಳಲ್ಲಿ ಒಂದೇ ಮಾತು ಹೊರಡುತ್ತದೆ. ಐದು ವರ್ಷ ಓದಿ ಪದವಿಯನ್ನು ಸಂಪಾದಿಸಿದುದಾಯಿತು, ಮುಂದೇನು? ತಂದೆಯು ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತೆಯಾಗಿದ್ದವರಾದರೆ ಮಗನು ಅಸಿಸ್ಟೆಂಟ್ ಕಮಿಷನರನಾಗಲೆಂಬ ಆಸೆ. ಸೋದರಮಾವನು ವಕೀಲಿ ಮಾಡುತ್ತಿದ್ದರೆ ಅಳಿಯನು ನ್ಯಾಯಾಧೀಶನಾಗಲೆಂಬ ಹಂಬಲ. ಈ ಎರಡು ಆಸೆಗಳಲ್ಲಿ ಯಾವುದನ್ನೂ ಮುರಿಯಲಾರದೆ ತರುಣನು, "ಎರಡಕ್ಕೂ ಒಟ್ಟಿಗೆ ಓದುತ್ತೇನಪ್ಪ, ಒಂದಲ್ಲ ಒಂದು ಕೈಗೆ ಹತ್ತೀತು" ಎಂದು ಉತ್ತರ ಕೊಡುತ್ತಾನೆ. ಕೇಳಿದವರೆಲ್ಲರಿಗೂ ಸಮಾಧಾನವಾಗುತ್ತದೆ. ಸಂವಿಧಾನವು ಅಲ್ಲಿಯೂ ಉಂಟು, ಇಲ್ಲಿಯೂ ಉಂಟು. ಕಾನೂನು ಅಲ್ಲಿ ಐಚ್ಛಿಕ ವಿಷಯ, ಇಲ್ಲಿ ಮುಖ್ಯ ವಿಷಯ. ಹೀಗಿರಲು ಒಂದೇ ಓದಿನಿಂದ ಎರಡು ಬಾಗಿಲುಗಳನ್ನು ತಟ್ಟಬಾರದೇಕೆ ಎಂಬುದು ಎಲ್ಲರ ತರ್ಕ.

ಈ ತರ್ಕವು ಎಷ್ಟರ ಮಟ್ಟಿಗೆ ಸರಿ ಎಂಬುದನ್ನು ಇಂದು ಸ್ವಲ್ಪ ವಿಸ್ತಾರವಾಗಿ ವಿಚಾರಿಸಬೇಕೆಂದು ನಮಗೆ ತೋರಿದೆ. ಎರಡು ದೋಣಿಗಳಲ್ಲಿ ಕಾಲಿಡಬಾರದೆಂದು ಗಾದೆ ಹೇಳಿ ಮುಗಿಸುವುದು ಸುಲಭ. ಆದರೆ ಗಾದೆಯಿಂದ ತರುಣರಿಗೆ ದಾರಿ ಕಾಣಲಾರದು. ಇಪ್ಪತ್ತಮೂರನೆಯ ವಯಸ್ಸಿನಿಂದ ಮೂವತ್ತರವರೆಗಿನ ಕಾಲವು ಇಲ್ಲಿ ಪಣಕ್ಕೆ ಬಿದ್ದಿರುವುದು. ಎಷ್ಟೋ ಕಡೆ ತಂದೆಯ ನಿವೃತ್ತಿಯ ಹಣವೂ ಅದರೊಡನೆ ಬಿದ್ದಿರುವುದು.

ಈ ಎರಡು ಅಧಿಕಾರಗಳೂ ಒಂದೇ ಪರೀಕ್ಷೆಯ ಫಲವಾಗಿದ್ದ ಕಾಲವೊಂದಿತ್ತು. ಬ್ರಿಟಿಷರ ಇಂಡಿಯನ್ ಸಿವಿಲ್ ಸರ್ವಿಸಿಗೆ ಆಯ್ಕೆಯಾದವನು ಕೆಲವು ವರ್ಷ ಜಿಲ್ಲೆಯಲ್ಲಿ ಆಡಳಿತ ನಡೆಯಿಸಿದ ತರುವಾಯ ನ್ಯಾಯಶಾಖೆಗೆ ಹೋಗಿ ಜಿಲ್ಲಾ ನ್ಯಾಯಾಧೀಶನಾಗಬಹುದಾಗಿತ್ತು. ಅಲ್ಲಿಂದ ಉಚ್ಚ ನ್ಯಾಯಾಲಯಕ್ಕೂ ಏರಬಹುದಾಗಿತ್ತು. ನಮ್ಮ ಮಂಗಳೂರಿನ ಬೆನಗಲ್ ನರಸಿಂಗರಾಯರು ಆ ಸರ್ವಿಸನ್ನು ಸೇರಿ, ಬಂಗಾಳದಲ್ಲಿ ಜಿಲ್ಲಾ ನ್ಯಾಯಾಧೀಶರಾಗಿ, ಕಲ್ಕತ್ತೆಯ ಉಚ್ಚ ನ್ಯಾಯಾಲಯದಲ್ಲಿ ಕುಳಿತು, ಸಂವಿಧಾನ ಸಭೆಗೆ ಸಲಹೆಗಾರರಾಗಿ, ಕಡೆಗೆ 1952ರಲ್ಲಿ ಹೇಗ್ ನಗರದ ಅಂತರರಾಷ್ಟ್ರೀಯ ನ್ಯಾಯಾಲಯದ ನ್ಯಾಯಾಧೀಶರಾದರು. 1967ರಲ್ಲಿ ಭಾರತದ ಮುಖ್ಯ ನ್ಯಾಯಾಧೀಶರಾದ ಕೈಲಾಸನಾಥ ವಾಂಛೂ ಅವರೂ ಅದೇ ಸರ್ವಿಸಿನಿಂದ ಬಂದವರೇ ಆಗಿದ್ದರು; ಅವರಿಗೆ ಕಾನೂನಿನ ಪದವಿಯೂ ಇರಲಿಲ್ಲ. ಹಳೆಯ ಮೈಸೂರಿನಲ್ಲಿ ಅಮಲ್ದಾರನು ಕಂದಾಯವನ್ನೂ ವಸೂಲು ಮಾಡುತ್ತಿದ್ದನು, ಮ್ಯಾಜಿಸ್ಟ್ರೇಟನಾಗಿ ಮೊಕದ್ದಮೆಗಳನ್ನೂ ವಿಚಾರಿಸುತ್ತಿದ್ದನು.

ಈ ಏರ್ಪಾಡಿನಿಂದ ಇಂಥ ಮಹನೀಯರು ಹೊರಟರೆಂಬುದು ನಿಜವೇ. ಆದರೆ ಹಿಡಿಯಿಸಿದವನೇ ತೀರ್ಪು ಕೊಡುವ ಪದ್ಧತಿಯಿಂದ ಪ್ರಜೆಗೆ ಆದ ಅನ್ಯಾಯವು ಅದಕ್ಕಿಂತ ದೊಡ್ಡದು. ಆದುದರಿಂದಲೇ ಕಾಂಗ್ರೆಸ್ ಮಹಾಸಭೆಯು ತನ್ನ ಎರಡನೆಯ ಅಧಿವೇಶನದಲ್ಲಿ, ಅಂದರೆ 1886ರಲ್ಲಿಯೇ, ಆಡಳಿತವನ್ನೂ ನ್ಯಾಯವನ್ನೂ ಬೇರ್ಪಡಿಸಬೇಕೆಂದು ಕೇಳಿತು. ಆ ಬೇಡಿಕೆಯು ಸಂವಿಧಾನದ 50ನೆಯ ಅನುಚ್ಛೇದವಾಗಿ ಬಂದಿತು. 1973ರ ದಂಡ ಪ್ರಕ್ರಿಯಾ ಸಂಹಿತೆಯು 1974ನೆಯ ಏಪ್ರಿಲಿನಲ್ಲಿ ಜಾರಿಗೆ ಬಂದು ನ್ಯಾಯಿಕ ಮ್ಯಾಜಿಸ್ಟ್ರೇಟರನ್ನು ಬೇರೆ, ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟರನ್ನು ಬೇರೆ ಮಾಡಿದ ಮೇಲೆ ದೇಶದಲ್ಲೆಲ್ಲ ಕೈಗೂಡಿತು. ಇಂದು ಆಡಳಿತಕ್ಕೆ ಆರಿಸುವುದು ಲೋಕಸೇವಾ ಆಯೋಗ. ಕರ್ನಾಟಕದಲ್ಲಿ ಸಿವಿಲ್ ನ್ಯಾಯಾಧೀಶರನ್ನು ಪರೀಕ್ಷಿಸಿ ಆರಿಸುವುದು ಉಚ್ಚ ನ್ಯಾಯಾಲಯ. ಸುಮಾರು ತೊಂಬತ್ತು ವರ್ಷಗಳ ಹೋರಾಟದಿಂದ ದೇಶವು ಬೇರ್ಪಡಿಸಿದ ಎರಡು ವೃತ್ತಿಗಳನ್ನು ನಮ್ಮ ತರುಣನು ತನ್ನ ಓದುವ ಮೇಜಿನ ಮೇಲೆ ಪುನಃ ಕೂಡಿಸಲು ಯತ್ನಿಸುತ್ತಿರುವನು. ಅದು ಸಾಧ್ಯವೆ?

ಮೊದಲು ಪಾಠಗಳನ್ನು ನೋಡೋಣ. ಕೇಂದ್ರದ ನಾಗರಿಕ ಸೇವಾ ಪರೀಕ್ಷೆಯ ಮುಖ್ಯ ಲಿಖಿತ ಭಾಗದಲ್ಲಿ ಶ್ರೇಣಿಗೆ ಲೆಕ್ಕವಾಗುವ ಅಂಕಗಳು 1750; ಸಂದರ್ಶನಕ್ಕೆ 275. ಈ 1750ರಲ್ಲಿ ಐಚ್ಛಿಕ ವಿಷಯಕ್ಕೆ ಸಲ್ಲುವುದು 500 ಮಾತ್ರ. ಉಳಿದ 1250 ಅಂಕಗಳು ಪ್ರಬಂಧಕ್ಕೂ ನಾಲ್ಕು ಸಾಮಾನ್ಯ ಅಧ್ಯಯನ ಪತ್ರಿಕೆಗಳಿಗೂ ಹಂಚಿಹೋಗುತ್ತವೆ: ಚರಿತ್ರೆ, ಭೂಗೋಳ, ಅರ್ಥಶಾಸ್ತ್ರ, ವಿಜ್ಞಾನ, ಪರಿಸರ, ವಿದೇಶಾಂಗ, ನೀತಿಶಾಸ್ತ್ರ. ಇವುಗಳ ನಡುವೆ ಸಂವಿಧಾನಕ್ಕೂ ರಾಜ್ಯಾಡಳಿತಕ್ಕೂ ಒಂದು ಪತ್ರಿಕೆಯ ಭಾಗವುಂಟು, ಅಷ್ಟೇ. ಕಾನೂನನ್ನೇ ಐಚ್ಛಿಕವಾಗಿ ತೆಗೆದುಕೊಂಡರೂ ಅದರ ಮೊದಲನೆಯ ಪತ್ರಿಕೆಯಲ್ಲಿರುವುದು ಸಂವಿಧಾನ, ಆಡಳಿತ ಕಾನೂನು, ಅಂತರರಾಷ್ಟ್ರೀಯ ಕಾನೂನು. ಎರಡನೆಯದರಲ್ಲಿ ಅಪರಾಧ, ಅಪಕೃತ್ಯ, ಕರಾರು ಮತ್ತು ಈಚಿನ ಕೆಲವು ಶಾಸನಗಳು. ಸಿವಿಲ್ ಪ್ರಕ್ರಿಯಾ ಸಂಹಿತೆ ಅಲ್ಲಿಲ್ಲ, ಸಾಕ್ಷ್ಯದ ಕಾನೂನು ಇಲ್ಲ, ಸ್ವತ್ತು ವರ್ಗಾವಣೆಯ ಕಾನೂನೂ ಇಲ್ಲ. ಮುನ್ಸೀಫನ ಮೇಜಿನ ಮೇಲೆ ಬೆಳಗಾದರೆ ಬಂದು ಬೀಳುವುದಾದರೋ ಈ ಮೂರೇ.

ಈಗ ಇತ್ತ ಬನ್ನಿ. ಕರ್ನಾಟಕದ ಸಿವಿಲ್ ನ್ಯಾಯಾಧೀಶರ ಮುಖ್ಯ ಪರೀಕ್ಷೆಯಲ್ಲಿ ಮೂರು ಕಾನೂನಿನ ಪತ್ರಿಕೆಗಳು, ಒಂದು ಭಾಷಾಂತರದ ಪತ್ರಿಕೆ; ಒಂದೊಂದಕ್ಕೂ 100 ಅಂಕಗಳು. ಕಾನೂನಿನ ಮೂರನೆಯ ಪತ್ರಿಕೆಯಲ್ಲಿ ಒಂದು ದಾವೆಯ ಸಂಗತಿಗಳನ್ನು ಕೊಟ್ಟು ವಿವಾದಾಂಶಗಳನ್ನು ರಚಿಸಿ ತೀರ್ಪು ಬರೆ ಎನ್ನುತ್ತಾರೆ. ಒಂದು ಕ್ರಿಮಿನಲ್ ಪ್ರಕರಣವನ್ನು ಕೊಟ್ಟು ದೋಷಾರೋಪಣೆಯನ್ನು ಸಿದ್ಧಪಡಿಸಿ ತೀರ್ಪು ಬರೆ ಎನ್ನುತ್ತಾರೆ. ವಾದಪತ್ರದಲ್ಲಿ ಏನು ಹೇಳಿದೆ, ಪ್ರತಿವಾದಿ ಯಾವುದನ್ನು ಒಪ್ಪಿದ್ದಾನೆ, ಯಾವುದನ್ನು ಅಲ್ಲಗಳೆದಿದ್ದಾನೆ, ಸಾಬೀತುಪಡಿಸುವ ಹೊಣೆ ಯಾರದು ಎಂಬುದನ್ನು ಬಿಡಿಸಿ ನೋಡುವ ಕಣ್ಣು ಪುಸ್ತಕದಿಂದ ಬಹಳ ನಿಧಾನವಾಗಿ ಬರುತ್ತದೆ. ದೆಹಲಿಯ ಗ್ರಂಥಾಲಯದಲ್ಲಿ ದಿನಪತ್ರಿಕೆಗಳ ಟಿಪ್ಪಣಿ ಮಾಡುತ್ತ ಕುಳಿತವನಿಗೆ ಬರುವುದೇ ಇಲ್ಲ. ಸಮಾನವೆಂದು ತೋರುವ ಸಂವಿಧಾನದ ಭಾಗದಲ್ಲಿಯೂ ಪ್ರಶ್ನೆ ಕೇಳುವ ರೀತಿ ಬೇರೆ. ರಾಜ್ಯಪಾಲರ ಅಧಿಕಾರದ ವಿಷಯದಲ್ಲಿ ಪರ-ವಿರೋಧಗಳನ್ನು ತೂಗಿ 250 ಶಬ್ದಗಳಲ್ಲಿ ಬರೆಯುವುದು ಒಂದು ವಿದ್ಯೆ. ಕೊಟ್ಟ ಸಂಗತಿಗೆ ಯಾವ ಅನುಚ್ಛೇದ, ಯಾವ ನಿರ್ಣಯವು ಅನ್ವಯಿಸುವುದೆಂದು ಹೇಳಿ ಒಂದು ಕಡೆಗೆ ತೀರ್ಮಾನಿಸುವುದು ಇನ್ನೊಂದು ವಿದ್ಯೆ. ಮೊದಲನೆಯದರಲ್ಲಿ ಪಳಗಿದವನು ಎರಡನೆಯದರಲ್ಲಿ ತೀರ್ಮಾನ ಮಾಡದೆಯೇ ಎದ್ದುಬರುವ ಅಪಾಯವುಂಟು!

ಇದರ ಮೇಲೆ, 2024ನೆಯ ಜುಲೈ 1ರಿಂದ 1860ರ ದಂಡ ಸಂಹಿತೆ, 1973ರ ಪ್ರಕ್ರಿಯಾ ಸಂಹಿತೆ, 1872ರ ಸಾಕ್ಷ್ಯ ಅಧಿನಿಯಮಗಳ ಸ್ಥಾನದಲ್ಲಿ ಭಾರತೀಯ ನ್ಯಾಯ ಸಂಹಿತೆ, ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, ಭಾರತೀಯ ಸಾಕ್ಷ್ಯ ಅಧಿನಿಯಮಗಳು ಬಂದಿವೆ. ಹಳೆಯ ಮೊಕದ್ದಮೆಗಳು ಹಳೆಯ ಸಂಹಿತೆಯಂತೆಯೂ ಹೊಸವು ಹೊಸದರಂತೆಯೂ ನಡೆಯುತ್ತಿರುವುದರಿಂದ ನ್ಯಾಯಾಂಗದ ಅಭ್ಯರ್ಥಿಯು ಎರಡು ಸಂಖ್ಯಾಕ್ರಮಗಳನ್ನೂ ತಿಳಿದಿರಬೇಕಾಗಿದೆ. ಬಿಡುವಿನ ವೇಳೆಯಲ್ಲಿ ಮಾಡಿ ಮುಗಿಸುವ ಓದಲ್ಲ ಇದು.

ಭಾಷಾಂತರದ ಪತ್ರಿಕೆಯ ವಿಷಯವಾಗಿ ಎರಡು ಮಾತು. ನಮ್ಮ ತರುಣರು ಇದನ್ನು ಹಗುರವಾಗಿ ಕಾಣುತ್ತಾರೆ. ಇಂಗ್ಲಿಷಿನ ತೀರ್ಪನ್ನು ಕನ್ನಡಕ್ಕೂ ಕನ್ನಡದ ಸಾಕ್ಷಿಯ ಹೇಳಿಕೆಯನ್ನು ಇಂಗ್ಲಿಷಿಗೂ ತರಬೇಕು. ಪಹಣಿ, ಚಕ್ಕುಬಂದಿ, ಪಾಟೀ ಸವಾಲು, ಹಿಸ್ಸೆ ಎಂಬ ಮಾತುಗಳು ಇಂಗ್ಲಿಷ್ ಮಾಧ್ಯಮದಲ್ಲಿ ಆರಂಭದಿಂದ ಓದಿ ಬಂದವನನ್ನು ನಡುಗಿಸುತ್ತವೆ. ಆದರೆ ಹಳ್ಳಿಯ ಮುದುಕಿಯು ಕಟಕಟೆಯಲ್ಲಿ ನಿಂತು ನುಡಿಯುವುದು ಕನ್ನಡದಲ್ಲಿಯೇ ಅಲ್ಲವೇ? ಅವಳ ಮಾತು ತಿಳಿಯದವನು ಅವಳ ಭೂಮಿಯ ಮೇಲೆ ತೀರ್ಪು ಕೊಡಬಾರದೆಂಬ ನಿಯಮವು ನಮಗೆ ಪರಮ ನ್ಯಾಯವಾಗಿ ತೋರುತ್ತದೆ. ಕೇಂದ್ರದ ಪರೀಕ್ಷೆಯ ಗತಿ ನೋಡಿದರೆ ಇದರ ಬೆಲೆ ತಿಳಿದೀತು. ಅಲ್ಲಿ ಮುಖ್ಯ ಪರೀಕ್ಷೆಯನ್ನು ಕನ್ನಡದಲ್ಲಿ ಬರೆಯಬಹುದು; ಆದರೆ ಲಕ್ಷಾಂತರ ಜನರನ್ನು ಸೋಸುವ ಪೂರ್ವಭಾವಿ ಪರೀಕ್ಷೆಯ ಪ್ರಶ್ನೆಗಳು ಹಿಂದಿಯಲ್ಲಿಯೂ ಇಂಗ್ಲಿಷಿನಲ್ಲಿಯೂ ಮಾತ್ರ ಇರುತ್ತವೆ. ಕನ್ನಡಿಗನಿಗೆ ಒಳಗೆ ಆಸನವುಂಟು, ಹೊಸ್ತಿಲಲ್ಲಿ ಜಾಗವಿಲ್ಲ. ನಮ್ಮ ರಾಜ್ಯದ ಆಯೋಗವೂ ಬೀಗುವಂತಿಲ್ಲ. 2024ನೆಯ ಆಗಸ್ಟಿನಲ್ಲಿ ನಡೆದ ಗೆಜೆಟೆಡ್ ಪ್ರೊಬೇಷನರುಗಳ ಪೂರ್ವಭಾವಿ ಪರೀಕ್ಷೆಯ ಕನ್ನಡ ಅನುವಾದದಲ್ಲಿ ತಪ್ಪುಗಳು ತುಂಬಿದ್ದುದರಿಂದ ಡಿಸೆಂಬರಿನಲ್ಲಿ ಆ ಪರೀಕ್ಷೆಯನ್ನೇ ಮತ್ತೆ ನಡೆಸಬೇಕಾಯಿತು. ಅಭ್ಯರ್ಥಿಗಳು ಕಳೆದುಕೊಂಡ ತಿಂಗಳುಗಳನ್ನು ಅವರಿಗೆ ಯಾರು ತುಂಬಿಕೊಟ್ಟರು? ಆ ಪರೀಕ್ಷೆಯ ಮುಖ್ಯ ಭಾಗದಲ್ಲಿ ಈಗ ಐಚ್ಛಿಕ ವಿಷಯಗಳೇ ಇಲ್ಲವಾದ್ದರಿಂದ ಕಾನೂನು ಪದವೀಧರನಿಗೆ ಹಿಂದೆ ಇದ್ದ ಅನುಕೂಲವೂ ತಪ್ಪಿದೆ ಎಂಬುದನ್ನು ಇಲ್ಲಿಯೇ ಹೇಳಬೇಕು.

ಇಷ್ಟೆಲ್ಲ ಇದ್ದರೂ ಕೆಲವು ವರ್ಷಗಳ ಹಿಂದೆ ಯಾರಾದರೂ ಬಂದು ಕೇಳಿದ್ದರೆ, ಬುದ್ಧಿಶಾಲಿಯಾದ ಹುಡುಗನು ಎರಡನ್ನೂ ಕೈಹಿಡಿದು ನೋಡಲಿ ಎಂದು ನಾವು ಹೇಳುತ್ತಿದ್ದೆವೇನೋ. ಆಗ ಪದವಿ ಪಡೆದ ವರ್ಷದಲ್ಲಿಯೇ ನ್ಯಾಯಾಂಗದ ಪರೀಕ್ಷೆಗೆ ಕುಳಿತುಕೊಳ್ಳಬಹುದಾಗಿತ್ತು. ಪ್ರಶ್ನೆಯ ಸ್ವರೂಪವನ್ನೇ ಬದಲಾಯಿಸಿದುದು 2025ನೆಯ ಮೇ 20ರ ಸರ್ವೋಚ್ಚ ನ್ಯಾಯಾಲಯದ ತೀರ್ಪು. ಸಿವಿಲ್ ನ್ಯಾಯಾಧೀಶನ ಹುದ್ದೆಗೆ ಅರ್ಜಿ ಹಾಕುವವನು ಕನಿಷ್ಠ ಮೂರು ವರ್ಷ ವಕೀಲನಾಗಿ ನಡೆದಿರಬೇಕೆಂದು ಆ ತೀರ್ಪು ವಿಧಿಸಿತು. ಆಗಲೇ ಆರಂಭವಾಗಿದ್ದ ನೇಮಕಾತಿಗಳಿಗೆ ಇದು ಅನ್ವಯಿಸದೆಂದೂ, ತಾತ್ಕಾಲಿಕ ಸನ್ನದು ಪಡೆದ ದಿನದಿಂದಲೇ ಎಣಿಕೆ ನಡೆಯುವುದೆಂದೂ, ನ್ಯಾಯಾಧೀಶರ ಬಳಿ ಕಾನೂನು ಸಹಾಯಕನಾಗಿ ಮಾಡಿದ ಸೇವೆಯನ್ನೂ ಲೆಕ್ಕಕ್ಕೆ ಹಿಡಿಯಬಹುದೆಂದೂ ಅದರಲ್ಲಿ ಹೇಳಿದೆ.

ಈ ನಿಯಮವು ಹೊಸದಲ್ಲ. 1993ರಲ್ಲಿಯೇ ಸರ್ವೋಚ್ಚ ನ್ಯಾಯಾಲಯವು ಇದನ್ನು ವಿಧಿಸಿತ್ತು. 1996ರಲ್ಲಿ ನೇಮಕವಾದ ಮೊದಲನೆಯ ರಾಷ್ಟ್ರೀಯ ನ್ಯಾಯಾಂಗ ವೇತನ ಆಯೋಗವು ಇದನ್ನು ಕೈಬಿಡಬೇಕೆಂದು ಸಲಹೆ ಮಾಡಿತು. ಅದರ ಅಧ್ಯಕ್ಷರಾಗಿದ್ದವರು ಹಿಂದೆ ಕರ್ನಾಟಕದ ಉಚ್ಚ ನ್ಯಾಯಾಲಯದಲ್ಲಿದ್ದ ನ್ಯಾಯಮೂರ್ತಿ ಕೆ. ಜಗನ್ನಾಥ ಶೆಟ್ಟಿಯವರು. ಒಳ್ಳೆಯ ಪ್ರತಿಭೆಯು ಮೂರು ವರ್ಷ ಕಾದುಕೊಂಡಿರದೆ ಬೇರೆ ಕಡೆಗೆ ಹೋಗಿಬಿಡುತ್ತದೆಂಬುದು ಆಗಿನ ವಾದ. 2002ರಲ್ಲಿ ನ್ಯಾಯಾಲಯವು ಅದನ್ನು ಒಪ್ಪಿ ನಿಯಮವನ್ನು ತೆಗೆಯಿತು; ಕಕ್ಷಿಗಾರನ ಮುಖವನ್ನೇ ಕಾಣದೆ ಪೀಠವೇರಿದವರಿಂದ ತೊಂದರೆಗಳಾದುವೆಂಬ ಅನುಭವದಿಂದ 2025ರಲ್ಲಿ ಮತ್ತೆ ತಂದಿತು. ಇಂತಹ ನಿಯಮವು ಮತ್ತೊಮ್ಮೆ ತಿದ್ದುಪಡಿಯಾಗಲಾರದೆಂದು ಯಾರೂ ಜಾಮೀನು ಕೊಡಲಾರರು. ಆದಕಾರಣ ಅಭ್ಯರ್ಥಿಯು ನೆರೆಹೊರೆಯವರ ಮಾತನ್ನು ನಂಬದೆ, ತಾನು ಅರ್ಜಿ ಹಾಕುವ ವರ್ಷದ ಪ್ರಕಟಣೆಯನ್ನೇ ಓದಿಕೊಳ್ಳತಕ್ಕದ್ದು.

ಈ ನಿಯಮದಿಂದ ಬಡವರ ಮಕ್ಕಳಿಗೂ ಹೆಣ್ಣುಮಕ್ಕಳಿಗೂ ಕಷ್ಟವುಂಟೆಂಬುದನ್ನು ನಾವು ಮರೆಮಾಚುವುದಿಲ್ಲ. ತಾಲ್ಲೂಕಿನ ಹಿರಿಯ ವಕೀಲರ ಕಚೇರಿಯಲ್ಲಿ ಕಿರಿಯನಿಗೆ ದೊರೆಯುವುದು ಬಹಳ ಕಡೆ ಬಸ್ಸಿನ ಚಾರ್ಜಿಗೂ ಊಟಕ್ಕೂ ಸಾಲದು. ತಂದೆಯಿಲ್ಲದ ಮನೆಯ ಹಿರಿಯ ಮಗನು ಮೂರು ವರ್ಷ ಹೀಗೆ ಕಳೆಯುವುದು ಹೇಗೆ? ಮದುವೆಯ ಮಾತು ಎದ್ದಿರುವ ಮಗಳನ್ನು "ಇನ್ನು ಮೂರು ವರ್ಷ ಕೋರ್ಟಿಗೆ ಹೋಗಿ ಬಾರಮ್ಮ" ಎಂದು ಕಳುಹಿಸುವ ತಾಯಿತಂದೆಗಳು ಎಷ್ಟು ಮಂದಿ? ವಕೀಲರ ಸಂಘಗಳೂ ಹಿರಿಯ ವಕೀಲರೂ ಕಿರಿಯರಿಗೆ ಬದುಕುವಷ್ಟು ಮಾಸಾಶನವನ್ನು ಗೊತ್ತುಪಡಿಸದಿದ್ದರೆ ಈ ನಿಯಮದ ಸದುದ್ದೇಶವು ಉಳ್ಳವರ ಅನುಕೂಲದಲ್ಲಿ ಕೊನೆಗೊಂಡೀತೆಂದು ನಮಗೆ ಭಯವಿದೆ. ಹಾಗೆಂದು, ಹೆಸರಿಗೆ ಮಾತ್ರ ವಕಾಲತ್ತಿನ ಮೇಲೆ ಸಹಿ ಹಾಕಿಸಿಕೊಂಡು ಮನೆಯಲ್ಲಿ ಕುಳಿತು ಬೇರೆ ಪರೀಕ್ಷೆಗೆ ಓದುವ ಉಪಾಯವನ್ನು ಯಾರಾದರೂ ಬೋಧಿಸಿದರೆ ಅದಕ್ಕೆ ಕಿವಿಗೊಡಬಾರದು. ಅನುಭವದ ಪ್ರಮಾಣಪತ್ರವನ್ನು ಹತ್ತು ವರ್ಷಕ್ಕೆ ಕಡಿಮೆಯಿಲ್ಲದ ವಕೀಲರು ಕೊಡಬೇಕು, ಅದಕ್ಕೆ ನ್ಯಾಯಾಂಗದ ಅಧಿಕಾರಿಯ ಮೇಲುರುಜು ಬೇಕು. ನ್ಯಾಯಾಧೀಶನಾಗಲು ಹೊರಟವನ ಮೊದಲನೆಯ ದಾಖಲೆಯೇ ಸುಳ್ಳಾಗಬಾರದಷ್ಟೆ.

ಈಗ ವಯಸ್ಸಿನ ಲೆಕ್ಕ. ಐದು ವರ್ಷದ ಪದವಿಯನ್ನು ಮುಗಿಸುವಾಗ ತರುಣನಿಗೆ ಸುಮಾರು 23. ಮೂರು ವರ್ಷ ವಕೀಲಿ ಮಾಡಿದರೆ 26. ಕೇಂದ್ರದ ಪರೀಕ್ಷೆಗೆ ಸಾಮಾನ್ಯ ವರ್ಗದವರಿಗೆ 32 ವರ್ಷದ ಮಿತಿ, ಆರು ಯತ್ನಗಳು. ಹಿಂದುಳಿದ ವರ್ಗದವರಿಗೆ 35 ಮತ್ತು ಒಂಬತ್ತು ಯತ್ನ. ಪರಿಶಿಷ್ಟರಿಗೆ 37, ಅಲ್ಲಿಯವರೆಗೆ ಯತ್ನಗಳಿಗೆ ಎಣಿಕೆಯಿಲ್ಲ. ಪೂರ್ವಭಾವಿ ಪರೀಕ್ಷೆಯ ಒಂದೇ ಪತ್ರಿಕೆಗೆ ಹಾಜರಾದರೂ ಒಂದು ಯತ್ನ ಕಳೆದಂತೆ. "ಸುಮ್ಮನೆ ಒಮ್ಮೆ ಬರೆದು ನೋಡುತ್ತೇನೆ" ಎನ್ನುವವರು ಇದನ್ನು ಮರೆಯುತ್ತಾರೆ. 2024ರ ಪರೀಕ್ಷೆಗೆ 9,92,599 ಮಂದಿ ಅರ್ಜಿ ಹಾಕಿದರು, 5,83,213 ಮಂದಿ ಬರೆದರು, ಮುಖ್ಯ ಪರೀಕ್ಷೆಗೆ ಅರ್ಹರಾದವರು 14,627, ಸಂದರ್ಶನಕ್ಕೆ 2,845, ಕಡೆಗೆ ಆಯ್ಕೆಯಾದವರು 1,009. ಈ ಸಾವಿರದೊಳಗೆ ನಿಲ್ಲಬೇಕಾದವನು ಅರ್ಧ ಮನಸ್ಸಿನಿಂದ ಓದಿದರೆ ನಿಂತಾನೆಯೇ? ಇನ್ನು ಅತ್ತ ಕಡೆ ಹುದ್ದೆಗಳ ಸಂಖ್ಯೆ ಚಿಕ್ಕದು, ಸ್ಪರ್ಧಿಗಳೂ ಕಡಿಮೆ, ಆದರೆ ಬರುವವರೆಲ್ಲರೂ ಕಾನೂನು ಓದಿದವರೇ.

ಸಂಬಳದ ಮಾತನ್ನು ತಂದೆತಾಯಿಗಳು ಬಾಯಿಬಿಟ್ಟು ಕೇಳದಿದ್ದರೂ ಮನಸ್ಸಿನಲ್ಲಿ ಇಟ್ಟುಕೊಂಡಿರುತ್ತಾರೆ. ಏಳನೆಯ ವೇತನ ಆಯೋಗದ ಶ್ರೇಣಿಯಂತೆ ಐ.ಎ.ಎಸ್. ಅಧಿಕಾರಿಯ ಆರಂಭದ ಮೂಲ ವೇತನವು 56,100 ರೂಪಾಯಿ. ಎರಡನೆಯ ರಾಷ್ಟ್ರೀಯ ನ್ಯಾಯಾಂಗ ವೇತನ ಆಯೋಗವು ಕಿರಿಯ ಸಿವಿಲ್ ನ್ಯಾಯಾಧೀಶನಿಗೆ ಗೊತ್ತುಪಡಿಸಿದುದು 77,840. ಇದನ್ನು ಕೇಳಿ ಅನೇಕರು ಬೆರಗಾಗುವರು. ಸಂಬಳದಿಂದ ತೀರ್ಮಾನವಾಗುವ ವಿಷಯವಲ್ಲವಾದರೂ, ನ್ಯಾಯಾಂಗವನ್ನು ಕೈತಪ್ಪಿದವರ ಆಶ್ರಯವೆಂದು ಕಾಣುವ ಅಭ್ಯಾಸವನ್ನು ಬಿಡುವುದಕ್ಕೆ ಇಷ್ಟು ಸಾಕು.

ತೀರ್ಮಾನಕ್ಕೆ ಬೇಕಾದುದು ಕೆಲಸದ ಪರಿಚಯ. ಹುದ್ದೆಯ ಕೆಂಪು ದೀಪವನ್ನೂ ಬಂಗಲೆಯನ್ನೂ ನೆನೆದು ಹೊರಟವರಿಗೆ ಕೆಲಸವು ಏನೆಂಬುದು ತಿಳಿದೇ ಇರುವುದಿಲ್ಲ. (ಆ ಕೆಂಪು ದೀಪವೂ 2017ರಲ್ಲಿ ಹೋಯಿತು.) ಅಸಿಸ್ಟೆಂಟ್ ಕಮಿಷನರನು ಬೆಳಗ್ಗೆ ಪ್ರವಾಹ ಬಂದ ಹಳ್ಳಿಯಲ್ಲಿರಬಹುದು, ಮಧ್ಯಾಹ್ನ ಮಂತ್ರಿಗಳ ಸಭೆಯಲ್ಲಿ, ಸಂಜೆ ಚುನಾವಣೆಯ ಪಟ್ಟಿಯ ಮುಂದೆ. ನೂರು ಜನರೊಡನೆ ಮಾತನಾಡಬೇಕು, ಮೇಲಿನವರ ಆಜ್ಞೆಯನ್ನು ನಡೆಯಿಸಬೇಕು, ವರ್ಗದ ಭಯವನ್ನು ಹೊತ್ತಿರಬೇಕು. ಸಿವಿಲ್ ನ್ಯಾಯಾಧೀಶನಾದರೋ ಇಡೀ ದಿನ ಒಂದೇ ಕೊಠಡಿಯಲ್ಲಿ ಕುಳಿತು ಪಾಲಿನ ದಾವೆ, ಪ್ರತಿಬಂಧಕಾಜ್ಞೆಯ ಅರ್ಜಿ, ಚೆಕ್ಕಿನ ಪ್ರಕರಣಗಳನ್ನು ಕೇಳುತ್ತಾನೆ. ರಾತ್ರಿ ಮನೆಯಲ್ಲಿ ತೀರ್ಪು ಬರೆಯುತ್ತಾನೆ. ಊರಿನ ಮದುವೆ ಮುಂಜಿಗಳಿಗೆ ಹೋಗಲೂ ಹಿಂದುಮುಂದು ನೋಡುತ್ತಾನೆ. ದೇಶದ ಜಿಲ್ಲಾ ಮತ್ತು ತಾಲ್ಲೂಕು ನ್ಯಾಯಾಲಯಗಳಲ್ಲಿ ಬಾಕಿ ಬಿದ್ದಿರುವ ಮೊಕದ್ದಮೆಗಳು 4 ಕೋಟಿಗೂ ಮಿಕ್ಕಿವೆ. ಆದರೆ ಅವನು ಬರೆಯುವ ತೀರ್ಪಿನಲ್ಲಿ ಯಾವ ಮಂತ್ರಿಯೂ ಕೈಹಾಕುವಂತಿಲ್ಲ.

ಆಡಳಿತಕ್ಕೆ ಹೋದರೆ ಕಾನೂನಿನ ವಿದ್ಯೆಯು ವ್ಯರ್ಥವಾಯಿತೆಂದು ಕೊರಗುವವರಿಗೂ ಒಂದು ಮಾತು ಹೇಳಬೇಕು. 1886ರ ಆ ಬೇಡಿಕೆಯು ಇಂದಿಗೂ ಪೂರ್ತಿಯಾಗಿ ಈಡೇರಿಲ್ಲ. ಪಹಣಿಯಲ್ಲಿಯ ಹೆಸರಿನ ತಕರಾರಿನ ಮೇಲ್ಮನವಿಯು 1964ರ ಭೂಕಂದಾಯ ಅಧಿನಿಯಮದಂತೆ ಬರುವುದು ಅಸಿಸ್ಟೆಂಟ್ ಕಮಿಷನರನ ಮುಂದೆಯೇ. ಪರಿಶಿಷ್ಟರಿಗೆ ಸರ್ಕಾರವು ಕೊಟ್ಟ ಭೂಮಿಯು ಕಾನೂನಿಗೆ ವಿರುದ್ಧವಾಗಿ ಪರಭಾರೆಯಾಗಿದ್ದರೆ 1978ರ ಅಧಿನಿಯಮದಂತೆ ಅದನ್ನು ಹಿಂತಿರುಗಿಸುವ ಆಜ್ಞೆ ಹೊರಡುವುದೂ ಅಲ್ಲಿಂದಲೇ. ಮಕ್ಕಳು ಹೊರಹಾಕಿದ ವೃದ್ಧ ತಂದೆತಾಯಿಗಳ ಅರ್ಜಿಯನ್ನು 2007ರ ಅಧಿನಿಯಮದಂತೆ ಕೇಳುವವನೂ ಅವನೇ. ಈ ಆಜ್ಞೆಗಳು ಕಾರಣಗಳಿಲ್ಲದೆ ನಾಲ್ಕು ಸಾಲುಗಳಲ್ಲಿ ಹೊರಟು ಉಚ್ಚ ನ್ಯಾಯಾಲಯದಲ್ಲಿ ಬಿದ್ದುಹೋಗುವುದನ್ನು ಕಂಡವರಿಗೆ, ಸಾಕ್ಷ್ಯವನ್ನು ತೂಗಲು ಬಲ್ಲ ಅಧಿಕಾರಿಯ ಬೆಲೆ ಗೊತ್ತು.

ಇನ್ನು ನಮ್ಮ ಅಭಿಪ್ರಾಯ. ಒಂದೇ ವರ್ಷದಲ್ಲಿ ಎರಡು ಪರೀಕ್ಷೆಗಳಿಗೂ ಸಮಸಮನಾಗಿ ಓದುವುದು ಬೇಡ. ಒಂದಾದ ಮೇಲೆ ಒಂದು ಎಂಬ ಕ್ರಮವಿರಲಿ. ಆಡಳಿತದಲ್ಲಿಯೇ ಮನಸ್ಸು ನೆಟ್ಟಿರುವವನು ಎರಡು ವರ್ಷ, ಎರಡು ಯತ್ನಗಳನ್ನು ಪೂರ್ಣವಾಗಿ ಅದಕ್ಕೇ ಮೀಸಲಿಡಲಿ, ಕಾನೂನನ್ನು ಐಚ್ಛಿಕವಾಗಿಟ್ಟುಕೊಳ್ಳಲಿ, ಪ್ರಕ್ರಿಯಾ ಸಂಹಿತೆಯನ್ನು ಆಗ ತೆರೆಯುವುದೇ ಬೇಡ. ಆಗದಿದ್ದರೆ 25ರಲ್ಲಿ ನ್ಯಾಯಾಲಯದ ಮೆಟ್ಟಿಲು ಹತ್ತಿದರೂ 28ಕ್ಕೆ ಅವನು ನ್ಯಾಯಾಧೀಶನ ಪರೀಕ್ಷೆಗೆ ಅರ್ಹನಾಗುತ್ತಾನೆ. ನ್ಯಾಯಾಸನವನ್ನೇ ಬಯಸುವವನು ದೆಹಲಿಗೆ ಹೋಗುವ ಅಗತ್ಯವೇ ಇಲ್ಲ. ತನ್ನ ತಾಲ್ಲೂಕಿನ ನ್ಯಾಯಾಲಯವೇ ಅವನ ಪಾಠಶಾಲೆ.

ಬಹುಜನರ ಸ್ಥಿತಿ ಈ ಎರಡೂ ಅಲ್ಲ. ತನಗೆ ಯಾವುದು ಬೇಕೆಂಬುದೇ ತಿಳಿಯದ ಸ್ಥಿತಿ. ಅಂಥವನಿಗೆ ನಾವು ಹೇಳುವುದು, ಮೊದಲು ಒಂದು ವರ್ಷ ನ್ಯಾಯಾಲಯಕ್ಕೆ ಹೋಗು ಎಂದು. ಆ ಒಂದು ವರ್ಷವು ನ್ಯಾಯಾಂಗದ ಮೂರು ವರ್ಷಗಳಲ್ಲಿ ಲೆಕ್ಕಕ್ಕೆ ಬರುತ್ತದೆ. ಆಡಳಿತಕ್ಕೆ ಹೋಗಬೇಕೆಂದು ತೋರಿದರೂ ಪೋಲೀಸು, ಕಂದಾಯ, ಪಂಚಾಯಿತಿಗಳ ಕಾಗದಗಳು ಜನರ ಮೇಲೆ ಏನು ಮಾಡುತ್ತವೆಂಬುದನ್ನು ಅಲ್ಲಿ ಕಂಡವನ ಉತ್ತರಪತ್ರಿಕೆಯು ಪುಸ್ತಕ ಓದಿದವನದರಂತೆ ಇರಲಾರದು. ದೆಹಲಿಯ ಒಂದು ವರ್ಷವಾದರೋ ಫಲಿಸದಿದ್ದರೆ ಯಾವ ಲೆಕ್ಕಕ್ಕೂ ಸೇರದು. ಏಳು ವರ್ಷ ವಕೀಲಿ ಮಾಡಿದವನಿಗೆ ಸಂವಿಧಾನದ 233ನೆಯ ಅನುಚ್ಛೇದದಂತೆ ನೇರವಾಗಿ ಜಿಲ್ಲಾ ನ್ಯಾಯಾಧೀಶನ ಪರೀಕ್ಷೆಗೆ ಕುಳಿತುಕೊಳ್ಳುವ ದಾರಿಯೂ ಉಂಟು. ಯಾವುದೂ ಆಗದಿದ್ದರೆ ವಕೀಲಿಯಂತೂ ಕೈಯಲ್ಲಿದ್ದೇ ಇರುತ್ತದೆ.

ಇದಕ್ಕೆ ಮೊದಲ ಹೆಜ್ಜೆಯು ದುಬಾರಿಯದೂ ಅಲ್ಲ. ಸನ್ನದಿನ ನೋಂದಣಿಗೆ ವಕೀಲರ ಪರಿಷತ್ತುಗಳು ಸಾವಿರಾರು ರೂಪಾಯಿಗಳನ್ನು ಕೇಳುತ್ತಿದ್ದುದನ್ನು ಸರ್ವೋಚ್ಚ ನ್ಯಾಯಾಲಯವು 2024ನೆಯ ಜುಲೈ 30ರಂದು ತಡೆದು, ಶಾಸನದಲ್ಲಿ ಹೇಳಿದ 750 ರೂಪಾಯಿಗಿಂತಲೂ, ಪರಿಶಿಷ್ಟರಿಂದ 125ಕ್ಕಿಂತಲೂ ಹೆಚ್ಚಾಗಿ ನೋಂದಣಿ ಶುಲ್ಕವನ್ನು ತೆಗೆದುಕೊಳ್ಳಬಾರದೆಂದು ವಿಧಿಸಿತು. ತರಬೇತಿಯ ಶುಲ್ಕಕ್ಕೆಂದು ಸಾಲ ಹುಡುಕುತ್ತಿರುವ ತಂದೆಗಳು ಅದಕ್ಕೆ ಮೊದಲು ಈ ಸಣ್ಣ ಮೊತ್ತವನ್ನು ಕಟ್ಟಿಸಲಿ. ಮೂರು ವರ್ಷಗಳ ಎಣಿಕೆಯು ಆ ದಿನದಿಂದಲೇ ಮೊದಲಾಗುತ್ತದೆ. ಫಲಿತಾಂಶ ಬಂದ ಮೇಲೆ ಆರು ತಿಂಗಳು ಯೋಚಿಸುತ್ತ ಕುಳಿತವನಿಗೆ ಆ ಆರು ತಿಂಗಳು ಯಾವ ಖಾತೆಗೂ ಜಮೆಯಾಗುವುದಿಲ್ಲ.